ಒಂದು ಗುಡಿಸಿನ ವಿಷಯ

ಪ್ರೀತಿಯ ಮಗಳೇ,

ನಿನ್ನ ಪ್ರಬಂಧ, ಜೊತೆಗಿದ್ದ ಕಾಗದ ಎರಡೂ ಓದಿದೆ. ಮೇಷ್ಟ್ರು ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ 'ನೋಡಿ ತಿದ್ದಿ ತಾ' ಅಂತ ಬರೆದು ವಾಪಸ್ ಕೊಟ್ಟರು, ಇನ್ನು ಬರೆಯೋದೇ ಬೇಡ ಅನ್ನಿಸಿದೆ ಅಂದಿದ್ದೀಯ. ಅಷ್ಟಕ್ಕೆಲ್ಲ ಪೆನ್ನು ಕೆಳಗಿಡಬೇಡ. ನಿನ್ನ ಬರಹದಲ್ಲಿ ಜೀವ ಇದೆ. ಅದಕ್ಕೇ ಇಷ್ಟು ಉದ್ದದ ಉತ್ತರ ಬರೆಯುತ್ತಿದ್ದೇನೆ.

ಅಂಚು ಎಷ್ಟು ಬಿಡಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು ಅಂತ ಕೇಳಿದ್ದೀಯ. ಕಾಲೇಜಿನವರು ಕೊಟ್ಟ ನಿಯಮದ ಹಾಳೆ ತೆಗೆದು ನೋಡು. ಅದರಲ್ಲಿ ಏನೂ ಹೇಳಿಲ್ಲ ಅಂದರೆ 12 ಪಾಯಿಂಟ್ ಅಕ್ಷರ, ಸುತ್ತ 1 ಇಂಚು ಅಂಚು, ಸಾಲುಗಳ ನಡುವೆ ಡಬಲ್ ಸ್ಪೇಸ್. ಪುಟಸಂಖ್ಯೆ ಮರೆಯಬೇಡ. ಅರ್ಧ ಗಂಟೆಯ ಕೆಲಸ. ನನಗೆ ಚಿಂತೆ ಹತ್ತಿದ್ದು ನಿನ್ನ ಮೂರನೇ ಪುಟ ನೋಡಿ.

ಅಲ್ಲಿ 'ಲೇಖಕಿ ಕೊನೆಯವರೆಗೂ ಒಪ್ಪಿದ ವಾದ' ಅಂತ ಇದೆ. ಅದರ ಹಿಂದಿನ ಎರಡು ಪ್ಯಾರಾ ಓದಿದರೆ, ನಿನ್ನ ಮನಸ್ಸಿನಲ್ಲಿದ್ದದ್ದು 'ಒಪ್ಪದ ವಾದ' ಅಂತ ಗೊತ್ತಾಗುತ್ತದೆ. ಒಂದು ಗುಡಿಸು ಜಾಸ್ತಿ ಬಿತ್ತು, ಇಡೀ ಪ್ರಬಂಧ ತಲೆಕೆಳಗಾಯಿತು. ಸ್ಪೆಲ್‌ಚೆಕ್ ಹಾಕಿದ್ದೆ ಅಂತೀಯ. ಅದಕ್ಕೆ ಎರಡೂ ಸರಿಯಾದ ಪದಗಳೇ ಕಣಮ್ಮಾ! ಓದಿದ, ಓದದ. ಕೇಳಿದ, ಕೇಳದ. ನೀನು ಏನು ಹೇಳಹೊರಟಿದ್ದೆ ಅಂತ ಅದಕ್ಕೇನು ಗೊತ್ತು? ಗೆಳತಿಯರು ಓದಿ 'ಸೂಪರ್' ಅಂದರಂತೆ. ಪಾಪ, ನಿನ್ನ ಮೇಲಿನ ಪ್ರೀತಿಗೆ ಓದಿದ್ದಾರೆ. ಆ ಮಾತು ಕೇಳಿ ನೀನು ಮತ್ತೆ ಓದದೆ ಬಿಟ್ಟೆಯಲ್ಲ, ಅದೇ ನನಗೆ ಸಿಟ್ಟು.

1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಬೈಬಲ್ಲಿನಲ್ಲಿ ಒಂದೇ ಒಂದು ಪುಟ್ಟ ಪದ ಬಿಟ್ಟುಹೋಗಿ, 'ವ್ಯಭಿಚಾರ ಮಾಡಬೇಡ' ಅನ್ನುವ ಆಜ್ಞೆ 'ಮಾಡು' ಅಂತಾಯಿತು. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು. ಅಲ್ಲಿ ಇಡೀ ಪದ ಬೇಕಾಯಿತು. ನಮ್ಮ ಕನ್ನಡದಲ್ಲಿ ಒಂದು ಗುಡಿಸು ಸಾಕು.

ನನಗೆ ಇದು ಹೇಗೆ ಗೊತ್ತು ಅಂತ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಅಪ್ಪನ ಬಗ್ಗೆ ಪ್ರಬಂಧ ಬರೆದಿದ್ದೆ. ಬಹುಮಾನ ಬಂತು, ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. 'ಸುಳ್ಳು ಹೇಳದ ಅಪ್ಪ' ಅನ್ನೋದು 'ಸುಳ್ಳು ಹೇಳಿದ ಅಪ್ಪ' ಆಗಿತ್ತು. ಅಪ್ಪ ಓದಿದರು, ಏನೂ ಅನ್ನಲಿಲ್ಲ. ನಾನು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವನನ್ನು ವರ್ಷಗಟ್ಟಲೆ ಬೈದುಕೊಂಡು ತಿರುಗಿದೆ. ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಆ ಸಂಚಿಕೆ ಸಿಕ್ಕಿತು. ಗುಡಿಸಿನ ಮೇಲೆ ಪೆನ್ಸಿಲಿನ ಸಣ್ಣ ಗೆರೆ ಎಳೆದಿದ್ದರು. ಅದರ ಕೆಳಗೆ ಮಡಿಸಿಟ್ಟ ನನ್ನ ಕೈಬರಹದ ಹಾಳೆಗಳು. ಅಲ್ಲೂ ಗುಡಿಸು ಇತ್ತು. ನನ್ನದೇ ಅಕ್ಷರ. ಕ್ಷಮೆ ಕೇಳೋಣ ಅಂದರೆ ಅಷ್ಟು ಹೊತ್ತಿಗೆ ಆ ಮೊಳೆ ಜೋಡಿಸುವವನೂ ಇರಲಿಲ್ಲ.

ಬರೆದವರ ಕಣ್ಣು ಹಾಳೆಯನ್ನು ಓದುವುದಿಲ್ಲ ಮಗಳೇ, ತಲೆಯಲ್ಲಿರುವುದನ್ನು ಓದುತ್ತದೆ. ಹಾಗಾಗಿ ಬರೆದ ರಾತ್ರಿಯೇ ತಿದ್ದೋಕೆ ಕೂರಬೇಡ. ನಿದ್ದೆ ಮಾಡಿ ಎದ್ದ ಮೇಲೆ, ಪ್ರಿಂಟ್ ತೆಗೆದು, ಒಂದೊಂದು ಪದದ ಕೆಳಗೂ ಬೆರಳಿಟ್ಟು ಜೋರಾಗಿ ಓದು. ಹಿಂದೆ ಅಚ್ಚುಕೂಟಗಳಲ್ಲಿ ಕರಡು ನೋಡುವಾಗ ಒಬ್ಬರು ಮೂಲ ಪ್ರತಿ ಓದುತ್ತಿದ್ದರು, ಇನ್ನೊಬ್ಬರು ಅಚ್ಚಾದದ್ದನ್ನು ನೋಡುತ್ತಿದ್ದರು. ಆ 'ಸೂಪರ್' ಗೆಳತಿಯರಲ್ಲಿ ಒಬ್ಬಳಿಗೆ ಈ ಕೆಲಸ ಕೊಡು. ಅವಳು ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೇ ಓದಲಿ, ನೀನು ಕಣ್ಣು ಮುಚ್ಚಿ ಕೇಳು. 'ಒಪ್ಪಿದ' ಅಂತ ಕಿವಿಗೆ ಬಿದ್ದ ಕೂಡಲೇ ಬೆಚ್ಚಿಬೀಳುತ್ತೀಯ. ಬೇರೆಯವರ ಮಾತು ಉದ್ಧರಿಸಿದ ಕಡೆ ಮಾತ್ರ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸು. ನಿನ್ನ ತಪ್ಪನ್ನು ಇನ್ನೊಬ್ಬರ ಬಾಯಲ್ಲಿ ಹಾಕಬಾರದು, ಅಲ್ವಾ?

ಪ್ರಬಂಧ ವಾಪಸ್ ಕಳಿಸುತ್ತಿದ್ದೇನೆ. ಮೂರನೇ ಪುಟದ್ದು ನಾನೇ ಹೇಳಿದ್ದಾಯಿತು. ಅಂಥವೇ ಇನ್ನೂ ಎರಡು ಇವೆ. ಗುರುತು ಹಾಕಿಲ್ಲ. ಸಿಕ್ಕ ಮೇಲೆ ಯಾವ ಪುಟ, ಯಾವ ಸಾಲು ಅಂತ ಬರೆದು ತಿಳಿಸು.

ಪ್ರೀತಿಯಿಂದ