ಫಂಡ್ ನಾಲ್ಕಾದರೂ ಒಳಗಿನ ಷೇರುಗಳು ಅವೇ

ಮಾನ್ಯ ಸಂಪಾದಕರೇ,

ಅಡಿಕೆ ಮಾರಿ ಬಂದ ಹಣವನ್ನು ಸಹಕಾರಿ ಬ್ಯಾಂಕಿನ ಠೇವಣಿಯಲ್ಲೋ ಚಿನ್ನದಲ್ಲೋ ಇಡುತ್ತಿದ್ದ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅನೇಕ ಮನೆಗಳವರು ಈಗ, ಹಲವರ ಹಣವನ್ನು ಒಟ್ಟುಗೂಡಿಸಿ ಷೇರು ಮುಂತಾದವುಗಳಲ್ಲಿ ತೊಡಗಿಸುವ ಮ್ಯೂಚುವಲ್ ಫಂಡ್‌ಗಳತ್ತ ತಿರುಗಿದ್ದಾರೆ. ‘ದೊಡ್ಡ ಕಂಪನಿಗಳ ಫಂಡ್, ಹೆದರಬೇಕಾಗಿಲ್ಲ’ ಎಂಬ ಮಾತನ್ನು ನಂಬಿದವರಲ್ಲಿ ನಾನೂ ಒಬ್ಬ. ನಿವೃತ್ತಿಯ ಹಣದ ಒಂದು ಪಾಲನ್ನು, ಎಲ್ಲವನ್ನೂ ಒಂದೇ ಕಡೆ ಇಡಬಾರದೆಂಬ ಎಚ್ಚರದಿಂದಲೇ, ನಾಲ್ಕು ಬೇರೆ ಬೇರೆ ಸಂಸ್ಥೆಗಳ ಲಾರ್ಜ್ ಕ್ಯಾಪ್ (ದೊಡ್ಡ ಕಂಪನಿಗಳ) ಫಂಡ್‌ಗಳ ‘ಗ್ರೋತ್’ ಆಯ್ಕೆಯಲ್ಲಿ ಹಾಕಿದೆ (‘ಗ್ರೋತ್’ ಎಂದರೆ ಲಾಭಾಂಶವನ್ನು ಕೈಗೆ ಕೊಡದೆ ಫಂಡಿನಲ್ಲೇ ಉಳಿಸುವುದು ಎಂದಷ್ಟೇ ಅರ್ಥ, ಹಣ ಬೆಳೆದೇ ತೀರುತ್ತದೆಂಬ ಭರವಸೆಯಲ್ಲ). ಮೂರು ವರ್ಷಗಳ ಬಳಿಕ ಅವುಗಳ ಮಾಸಿಕ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಮೊದಲ ಹತ್ತು ಷೇರುಗಳ ಪೈಕಿ ಏಳು ನಾಲ್ಕರಲ್ಲೂ ಇದ್ದವು.

ಇದರಲ್ಲಿ ಫಂಡಿನವರ ಮೋಸವೇನೂ ಇಲ್ಲ. 2017ರ ಅಕ್ಟೋಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಸ್ಥಾನಗಳಲ್ಲಿರುವ ಕಂಪನಿಗಳು ಮಾತ್ರ ಲಾರ್ಜ್ ಕ್ಯಾಪ್ ಎನಿಸುತ್ತವೆ. ಇಂತಹ ಫಂಡುಗಳು ಕನಿಷ್ಠ ಶೇ 80ರಷ್ಟು ಹಣವನ್ನು ಅವುಗಳಲ್ಲೇ ತೊಡಗಿಸಬೇಕು. ಕೆರೆ ಒಂದೇ ಆದಮೇಲೆ ನಾಲ್ಕು ಬಲೆ ಬೀಸಿದರೂ ಸಿಗುವ ಮೀನು ಅದೇ. ಆ ಕೆರೆಯಲ್ಲೂ ಬ್ಯಾಂಕು ಮತ್ತು ಹಣಕಾಸು ಕಂಪನಿಗಳದೇ ಮೇಲುಗೈ: ಐವತ್ತು ದೊಡ್ಡ ಕಂಪನಿಗಳ ಷೇರುಗಳನ್ನು ಆಧರಿಸಿದ ನಿಫ್ಟಿ 50 ಸೂಚ್ಯಂಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಅವುಗಳದೇ.

ಅಡಿಕೆ ಬೆಳೆಗಾರರಿಗೆ ಇದು ಬೇಗ ಅರ್ಥವಾದೀತು. ಅಡಿಕೆಯ ನಡುವೆ ಕೊಕ್ಕೋ, ಮರಕ್ಕೆ ಕಾಳುಮೆಣಸಿನ ಬಳ್ಳಿ, ಅಂಚಿನಲ್ಲಿ ತೆಂಗು ಇದ್ದರೆ ಒಂದರ ಬೆಲೆ ಬಿದ್ದಾಗ ಇನ್ನೊಂದು ಕೈಹಿಡಿಯುತ್ತದೆ. ಆದರೆ ಮಳೆ ಬಿಡದೆ ಸುರಿದ ವರ್ಷ ಅಡಿಕೆಗೆ ಕೊಳೆರೋಗ, ಮೆಣಸಿಗೆ ಸೊರಗು ರೋಗ, ಕೊಕ್ಕೋ ಕಾಯಿಗೆ ಕಪ್ಪು ಕೊಳೆ, ತೆಂಗಿಗೆ ಸುಳಿಕೊಳೆ ತಗಲುವುದು ಫೈಟೋಫ್ತೋರಾ ಎಂಬ ಒಂದೇ ಕುಲದ ರೋಗಾಣುಗಳಿಂದ. ಹಾಗೆಯೇ ಬ್ಯಾಂಕು, ಗೃಹಸಾಲ ಕಂಪನಿ, ವಾಹನಸಾಲ ಕಂಪನಿ ಎಂದು ಹೆಸರು ಬೇರೆಯಾದರೂ, ಜನ ಕಂತು ಕಟ್ಟಲಾರದ ವರ್ಷ ಅವೆಲ್ಲಕ್ಕೂ ಒಟ್ಟಿಗೇ ಪೆಟ್ಟು ಬೀಳುತ್ತದೆ.

ಹೀಗಾಗಿ ಫಂಡುಗಳನ್ನು ಎಣಿಸುವ ಬದಲು ವರದಿಯಲ್ಲಿ ವಲಯವಾರು ಹಂಚಿಕೆಯ ಪಟ್ಟಿಯನ್ನು ನೋಡುವುದು ಮೇಲು. ದೊಡ್ಡ ಕಂಪನಿಗಳ ಫಂಡ್ ಒಂದಿದ್ದರೆ ಸಾಕೆಂದು ನನಗನ್ನಿಸುತ್ತದೆ. ಕೊರತೆ ತುಂಬಲು ಔಷಧ ವಲಯದ್ದೋ ತಂತ್ರಜ್ಞಾನ ವಲಯದ್ದೋ ಫಂಡನ್ನು ಪ್ರತ್ಯೇಕವಾಗಿ ಕೊಳ್ಳಲು ಹೊರಡುವವರು ಮಾತ್ರ, ಅದರ ಕನಿಷ್ಠ ಶೇ 80ರಷ್ಟು ಹಣ ಆ ಒಂದೇ ವಲಯದಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ವಲಯ ಹಂಚಿಕೆಗೂ ಮಿತಿಯುಂಟು. 2008ರ ಜನವರಿಯಲ್ಲಿ 21,000 ದಾಟಿದ್ದ ಷೇರುಪೇಟೆ ಸೂಚ್ಯಂಕ ಸೆನ್ಸೆಕ್ಸ್ ಅಕ್ಟೋಬರ್ ಹೊತ್ತಿಗೆ 9,000ಕ್ಕಿಂತ ಕೆಳಗಿಳಿದಾಗ ಯಾವ ವಲಯವೂ ಆಸರೆಯಾಗಲಿಲ್ಲ. ಆದ್ದರಿಂದ ಮುಂದಿನ ವರ್ಷದ ಮಗಳ ಮದುವೆಗೆ ಬೇಕಾದ ಹಣ ಠೇವಣಿಯಲ್ಲೇ ಇರಲಿ.

ನಾನು ಮೂರು ಫಂಡ್‌ಗಳಿಂದ ಹೊರಬಂದೆ, ಆದರೆ ಒಂದೇ ಸಲಕ್ಕಲ್ಲ. ವರ್ಷ ದಾಟಿದ ಈಕ್ವಿಟಿ (ಷೇರು) ಹೂಡಿಕೆಯ ಲಾಭವು ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ರೂಪಾಯಿ ಮೀರಿದರೆ ಮಿಕ್ಕದ್ದಕ್ಕೆ ಶೇ 12.5ರಷ್ಟು ತೆರಿಗೆ ಬೀಳುವುದರಿಂದ ಎರಡು ವರ್ಷಗಳಲ್ಲಿ ಹಂಚಿ ಮಾರಿದೆ.

ಈ ವರದಿಗಳನ್ನು ಫಂಡ್ ಸಂಸ್ಥೆಗಳು ಪ್ರತಿ ತಿಂಗಳೂ ಪ್ರಕಟಿಸುತ್ತವೆಯಾದರೂ ನನ್ನ ಕೈಗೆ ಬಂದವೆಲ್ಲ ಇಂಗ್ಲಿಷಿನವು. ಇಲ್ಲಿನ ಕಚೇರಿಗಳಲ್ಲಿ ವಿವರಣೆ ಕೇಳಿದರೆ ದೊರೆಯುವುದು ಹೆಚ್ಚಾಗಿ ಮಲಯಾಳದಲ್ಲಿ. ತಮ್ಮ ವಾಣಿಜ್ಯ ಪುಟದಲ್ಲಿ ಫಂಡುಗಳ ವಾರ್ಷಿಕ ಗಳಿಕೆಯ ಪಕ್ಕದಲ್ಲೇ, ಪ್ರತಿಯೊಂದರಲ್ಲೂ ಅತಿ ಹೆಚ್ಚು ಪಾಲು ಪಡೆದ ಮೂರು ವಲಯಗಳ ಹೆಸರನ್ನೂ ಶೇಕಡಾವಾರನ್ನೂ ಕನ್ನಡದಲ್ಲಿ ಕೊಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಅಧ್ಯಾಪಕ, ಬದಿಯಡ್ಕ, ಕಾಸರಗೋಡು ಜಿಲ್ಲೆ