ನಿನ್ನ ಅಳು ಸುಳ್ಳಲ್ಲ

ಚಿ. ಮೇಧಾಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದದ ಉಳಿದ ಸುದ್ದಿಗಳಿಗೆ ನಿನ್ನ ಅತ್ತೆ ಫೋನಿನಲ್ಲೇ ಉತ್ತರ ಹೇಳುತ್ತಾಳೆ. ನನ್ನನ್ನು ಕಾಡುತ್ತಿರುವುದು ಕೊನೆಯ ಪುಟದ ಒಂದೇ ಮಾತು. ‘ವಾಟ್ಕಿನ್ಸ್ ತೆಗೆದ ಜಲಪಾತದ ಫೋಟೋ ನೋಡಿದರೆ ಕಣ್ಣು ತುಂಬುತ್ತದೆ. ಆ ಮಸುಕು ಬರೀ ಪ್ಲೇಟಿನ ಕೊರತೆ ಅಂತಾರೆ. ಹಾಗಾದರೆ ನನ್ನ ಅಳು ಸುಳ್ಳಾ ಮಾವ?’ ರಾತ್ರಿ ಎದ್ದು ಮತ್ತೆ ಅದನ್ನೇ ಓದಿದೆ.

ಕೊರತೆ ಇದ್ದದ್ದು ನಿಜ. 1861ರಲ್ಲಿ ಫೋಟೋಗ್ರಾಫರ್ ಕಾರ್ಲ್‌ಟನ್ ವಾಟ್ಕಿನ್ಸ್ ಅಮೆರಿಕದ ಯೊಸೆಮಿಟಿ ಕಣಿವೆಗೆ ಹೊತ್ತುಕೊಂಡು ಹೋದದ್ದು 18ಕ್ಕೆ 22 ಇಂಚಿನ ಗಾಜಿನ ಪ್ಲೇಟುಗಳನ್ನು. ಗಾಜಿಗೆ ಕೊಲೋಡಿಯನ್ ಎಂಬ ಅಂಟು ದ್ರವ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲೇ ಕತ್ತಲೆ ಗುಡಾರದಲ್ಲಿ ತೊಳೆಯಬೇಕು. ಲೆನ್ಸಿನ ಮುಚ್ಚಳ ತೆಗೆದರೆ ಹಲವು ಸೆಕೆಂಡು ಕಾಯಬೇಕು. ಬಂಡೆ ಕದಲುವುದಿಲ್ಲ, ನೀರು ನಿಲ್ಲುವುದಿಲ್ಲ. ನೀರು ಹಿಂಜಿದ ಹತ್ತಿಯ ಹಾಗೆ ಕಾಣುವುದು ಅದಕ್ಕೇ.

ಕಾರಣ ಗೊತ್ತಾಯಿತು ಅಂತ ದುಃಖ ಸುಳ್ಳಾಗುತ್ತದಾ? 1862ರ ಕೊನೆಯಲ್ಲಿ ಆ ಚಿತ್ರಗಳನ್ನು ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದಾಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ನೋಡಲು ಬಂದವರಲ್ಲಿ ಮಗನನ್ನು ಯುದ್ಧಕ್ಕೆ ಕಳಿಸಿದವರೂ ಇದ್ದಿರಬೇಕು. ಸದ್ದಿಲ್ಲದ ಆ ಬಿಳಿ ನೀರಿನ ಮುಂದೆ ಅವರು ಏನು ನೆನೆದರೋ.

ನಯಾಗರದಲ್ಲಿ ಬ್ಯಾಬಿಟ್ ಎಂಬ ಫೋಟೋಗ್ರಾಫರ್ 1853ರಲ್ಲಿ ತೆಗೆದ ಚಿತ್ರ ನೆನಪಿದೆ ಅಲ್ವಾ? ಜೋಸೆಫ್ ಏವರಿ ಎಂಬಾತ ಜಲಪಾತಕ್ಕೆ ಸ್ವಲ್ಪ ಮೇಲೆ, ಹೊಳೆಯ ನಡುವೆ ಸಿಕ್ಕಿಕೊಂಡಿದ್ದ ಮರದ ದಿಮ್ಮಿಯನ್ನು ಅಪ್ಪಿಕೊಂಡಿದ್ದ. ಗಂಟೆಗಟ್ಟಲೆ ಹಾಗೇ ಇದ್ದು ಕೊನೆಗೆ ಕೊಚ್ಚಿಹೋದ. ಚಿತ್ರದಲ್ಲಿ ಅವನು ಸಣ್ಣ ಕಪ್ಪು ಗುರುತು, ಅಷ್ಟೇ. ಅಲ್ಲೂ ನೀರು ಮಸುಕೇ. ಅದನ್ನು ನೋಡಿ ಹೊಟ್ಟೆ ತೊಳಸಿದರೆ ಯಾರಾದರೂ ಸುಳ್ಳು ಅಂತಾರಾ?

ನನ್ನ ಅಮ್ಮ, ನಿನ್ನ ಅಜ್ಜಿ, ತೀರಿಕೊಂಡ ವರ್ಷ ಮಳೆಗಾಲದಲ್ಲಿ ಜೋಗಕ್ಕೆ ಹೋಗಿದ್ದೆ. ಅಲ್ಲಿ ನಿಂತಾಗ ಏನೂ ಅನಿಸಲಿಲ್ಲ. ಸುಮ್ನೆ ಟ್ರೈಪಾಡ್ ಇಟ್ಟು ಸ್ಲೋ ಶಟರ್‌ನಲ್ಲಿ ಒಂದು ಚಿತ್ರ ತೆಗೆದೆ. ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಮಾಡುವಾಗ ಟ್ರೇಯಲ್ಲಿ ಮೊದಲು ಬಂಡೆ ಕಪ್ಪಾಗಿ ಮೂಡಿತು. ನೀರಿದ್ದ ಜಾಗ ಬಿಳಿ ಕಾಗದವಾಗಿಯೇ ಉಳಿಯಿತು. ಆಗ ಅಳು ಬಂತು. ಅದು ಕೆಮಿಕಲ್ಲಿನ ಕೆಲಸ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬಂತು. ನಿನ್ನ ಅಜ್ಜ ನೊಂದುಕೊಳ್ಳುತ್ತಾರೆ ಅಂತ ಆ ಪ್ರಿಂಟನ್ನು ಅವರಿಗೆ ತೋರಿಸಲಿಲ್ಲ. ತೋರಿಸಬೇಕಿತ್ತು. ಅವರು ಒಮ್ಮೆಯೂ ಅಳದೇ ಹೋಗಿಬಿಟ್ಟರು.

ಒಂದು ವಿಷಯದಲ್ಲಿ ಮಾತ್ರ ನಿನ್ನ ಅನುಮಾನ ಬೇಕು. ವಾಟ್ಕಿನ್ಸ್ ಚಿತ್ರಗಳಲ್ಲಿ ಆ ಯೊಸೆಮಿಟಿ ಕಣಿವೆ ಯಾರೂ ಕಾಲಿಡದ ಜಾಗದಂತೆ ಕಾಣುತ್ತದೆ. ಆದರೆ ವಾಟ್ಕಿನ್ಸ್ ಹೋಗುವುದಕ್ಕೆ 10 ವರ್ಷ ಮೊದಲು, 1851ರಲ್ಲಿ, ಬಂದೂಕು ಹಿಡಿದ ದಂಡು ಅಲ್ಲಿನ ಅವಾನೀಚಿ ಜನರನ್ನು ಓಡಿಸಿ, ಅವರು ಕೂಡಿಟ್ಟ ಆಹಾರ ಸುಟ್ಟಿತ್ತು. ಆ ನಿರ್ಜನತೆ ಪ್ಲೇಟಿನ ಕೊರತೆಯಲ್ಲ. ಇದನ್ನು ಥೀಸಿಸ್‌ನಲ್ಲಿ ಬರಿ. ನೀರು ನೋಡಿ ಬಂದ ಅಳುವನ್ನೂ ಬರಿ. ಎರಡೂ ಇರಲಿ.

ಓದಿದವಳಿಗೆ ನಾನು ಹೇಳುವುದು ಸರಿಯಲ್ಲವೇನೋ, ಆದರೂ ಸಾಧ್ಯವಾದರೆ ಮೂಲ ಪ್ರಿಂಟನ್ನೇ ನೋಡು. ವಾಟ್ಕಿನ್ಸ್ ಹಿಗ್ಗಿಸಿ ಪ್ರಿಂಟ್ ಹಾಕುತ್ತಿರಲಿಲ್ಲ, ಗಾಜಿನಷ್ಟೇ ದೊಡ್ಡ ಕಾಗದ. ಮೊಬೈಲಿನಲ್ಲಿ ಅದು ಸಿಗುವುದಿಲ್ಲ. ಮತ್ತೆ, ಯಾರೋ ಏನೋ ಅಂದರು ಅಂತ ಆ ಕೊನೆಯ ಅಧ್ಯಾಯ ಹೊಡೆದುಹಾಕಬೇಡ ಮಗಳೇ. ಬರೆದಷ್ಟು ನನಗೆ ಕಳಿಸು. ಇಂಗ್ಲಿಷಾದರೂ ನಿಧಾನಕ್ಕೆ ಓದುತ್ತೇನೆ.

ನಿನ್ನ ಮಾವ