ಬಯಲಲ್ಲಿ ಪಾಠ ಮಾಡುವುದನ್ನು ನಮಗೂ ಕಲಿಸಿ

ಮಾನ್ಯ ಸಂಪಾದಕರೇ,

ನನ್ನ ತಮ್ಮನ ಮಗಳು ಈ ವರ್ಷ ಪಿಯುಸಿ ಮುಗಿಸಿದ್ದಾಳೆ. ಬೆಟ್ಟ ಹತ್ತುವುದು, ಹಕ್ಕಿ ನೋಡುವುದು ಅಂದ್ರೆ ಅವಳಿಗೆ ಪ್ರಾಣ. ಮುಂದೆ ಏನು ಓದಲಿ ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದವಳು ಒಂದು ಸಂಜೆ ಓಡಿಬಂದು, 'ಅತ್ತೆ, ಆಸ್ಟ್ರೇಲಿಯಾದಲ್ಲಿ ಹೊರಾಂಗಣ ಮತ್ತು ಪರಿಸರ ಶಿಕ್ಷಣ ಅಂತಾನೇ ಡಿಗ್ರಿ ಇದೆಯಂತೆ. ನಮ್ಮ ದಾವಣಗೆರೆ ಯೂನಿವರ್ಸಿಟೀಲಿ ಯಾಕಿಲ್ಲ?' ಎಂದು ಕೇಳಿದಳು. ಹದಿನೈದು ವರ್ಷದಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿರುವ ನನಗೆ ಉತ್ತರ ಹೊಳೆಯಲಿಲ್ಲ. ಅದೇ ಪ್ರಶ್ನೆಯನ್ನು ನಿಮ್ಮ ಪತ್ರಿಕೆಯ ಮೂಲಕ ವಿಶ್ವವಿದ್ಯಾಲಯದ ಮುಂದೆ ಇಡುತ್ತಿದ್ದೇನೆ.

ಪರಿಸರದ ಪಾಠ ನಮ್ಮಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ 1991ರಲ್ಲೇ ಸುಪ್ರೀಂ ಕೋರ್ಟ್ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕು ಎಂದು ಹೇಳಿತ್ತು. ಆಮೇಲೆ ಎಲ್ಲ ಪದವಿಗಳಿಗೂ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಂದು ಮಾದರಿ ಪಠ್ಯ ಮಾಡಿತು. ಅದರಲ್ಲಿ 100 ಅಂಕಕ್ಕೆ 25 ಅಂಕ ಕ್ಷೇತ್ರ ಕಾರ್ಯಕ್ಕೇ ಇತ್ತು. ಹೊಳೆ, ಕಾಡು, ಗುಡ್ಡ ಏನಾದರೂ ಒಂದನ್ನು ಕಣ್ಣಾರೆ ನೋಡಿ ಬಂದು ಬರೆಯಬೇಕು. ನಾನೂ ಒಂದು ಕೆರೆಯ ಬಗ್ಗೆ ಬರೆದೆ. ಆದರೆ ಕೆರೆಗೆ ಹೋಗಿರಲಿಲ್ಲ. ಹಿಂದಿನ ಬ್ಯಾಚಿನವರ ರೆಕಾರ್ಡ್ ಬುಕ್ ಇಸಕೊಂಡು ಇಡೀ ಕ್ಲಾಸು ಕಾಪಿ ಮಾಡಿತು. ನಮ್ಮ ಮೇಷ್ಟ್ರನ್ನು ಬೈಯಲು ನನಗೆ ಮನಸ್ಸಿಲ್ಲ. ಅರವತ್ತು ಜನ ಹುಡುಗರನ್ನು ಕೆರೆ ಏರಿಯ ಮೇಲೆ ನಿಲ್ಲಿಸಿಕೊಂಡು ಏನು ಮಾಡಬೇಕು ಎಂದು ಅವರಿಗೂ ಯಾರೂ ಕಲಿಸಿರಲಿಲ್ಲ.

ಅದು ಎಷ್ಟು ದೊಡ್ಡ ಕೊರತೆ ಎಂದು ನನಗೆ ಅರ್ಥವಾದದ್ದು ಮೂರು ವರ್ಷದ ಹಿಂದೆ. ಒಂಬತ್ತನೇ ತರಗತಿಯ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ರಾಜರ ಕತೆ ಹೇಳುವುದಕ್ಕಲ್ಲ, ನೀರಿನ ದಾರಿ ತೋರಿಸುವುದಕ್ಕೆ. ಬಂಡೆಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅದು ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಊರಿನ ಕಡೆಗಿರುವ ಸಿಹಿನೀರು ಹೊಂಡ, ಸಂತೆಹೊಂಡಕ್ಕೆ ಇಳಿಯುತ್ತದೆ. ಪುಸ್ತಕದಲ್ಲಿ ನಾಲ್ಕು ಸಲ ಓದಿದರೂ ತಲೆಗೆ ಹತ್ತದ ಮಳೆನೀರು ಕೊಯ್ಲು ಅಲ್ಲಿ ಅರ್ಧ ಗಂಟೆಯಲ್ಲಿ ಹತ್ತಿತು. ಹಿಂದಿನ ಬೆಂಚಿನ ಹುಡುಗನೊಬ್ಬ 'ಮಿಸ್, ಹಂಗಾದ್ರೆ ಇದು ನಮ್ಮೂರ ಕೆರೆ ಕೋಡಿ ಇದ್ದಂಗೆ' ಅಂದ. ಅಷ್ಟರಲ್ಲಿ ಯಾರೋ ಬಂಡೆಗೆ ಕಟ್ಟಿದ್ದ ಹೆಜ್ಜೇನಿಗೆ ಕಲ್ಲು ಹೊಡೆದರು.

ಮಕ್ಕಳು ಕೈ ಬೀಸುತ್ತಾ ಚೆಲ್ಲಾಪಿಲ್ಲಿಯಾದರು. ಕೈ ಬೀಸಬಾರದು, ಮುಖ ಮುಚ್ಚಿಕೊಂಡು ದೂರ ಓಡಬೇಕು, ನೀರಿಗೆ ಧುಮುಕಬಾರದು, ಕೊಂಡಿಯನ್ನು ತಡ ಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಇದೆಲ್ಲ ನನಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ಒಬ್ಬ ಹುಡುಗಿಯ ಕಣ್ಣು ಎರಡು ದಿನ ಮುಚ್ಚಿಕೊಂಡಿತ್ತು. ದೇವರ ದಯೆ, ಎಲ್ಲರೂ ಹುಷಾರಾದರು. ಶಾಲೆ ಮಾತ್ರ ಅಂದಿನಿಂದ ಮಕ್ಕಳನ್ನು ಹೊರಗೆ ಕಳಿಸಿಲ್ಲ.

ಆಸ್ಟ್ರೇಲಿಯಾದ ಬೆಂಡಿಗೊದಲ್ಲಿ ಲಾ ಟ್ರೋಬ್ ವಿಶ್ವವಿದ್ಯಾಲಯ ಕಲಿಸುತ್ತಾ ಬಂದದ್ದು ಮಕ್ಕಳನ್ನು ಹುಷಾರಾಗಿ ಹೊರಗೆ ಕರೆದೊಯ್ದು ಪಾಠ ಮಾಡುವ ಈ ವಿದ್ಯೆಯನ್ನೇ. ಅಲ್ಲಿನ ವಿಕ್ಟೋರಿಯಾ ರಾಜ್ಯದಲ್ಲಿ ನಮ್ಮ ಪಿಯುಸಿ ಮಟ್ಟದ ಮಕ್ಕಳಿಗೆ ಹೊರಾಂಗಣ ಮತ್ತು ಪರಿಸರ ಅಧ್ಯಯನ ಒಂದು ವಿಷಯವೇ ಆಗಿದೆ. ಅದನ್ನು ಕಲಿಸುವವರೂ ಬೇಕಲ್ವಾ? ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಇದರಲ್ಲೇ ಸ್ನಾತಕೋತ್ತರ ಓದೂ ಇದೆ. ಬೆಟ್ಟ ಹತ್ತಿಸುವುದು, ಅಪಾಯವನ್ನು ಮೊದಲೇ ಊಹಿಸುವುದು, ಪ್ರಥಮ ಚಿಕಿತ್ಸೆ, ಇವುಗಳ ಜೊತೆಗೇ ಆ ನೆಲದ ಕತೆ, ಅಲ್ಲಿ ಬದುಕುವವರ ಕಷ್ಟ. ಎರಡೂ ಒಟ್ಟಿಗೆ.

ನೆಲದ ವಿಷಯಕ್ಕೆ ಬಂದರೆ ನಾವು ಬಡವರಲ್ಲ. ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಶುರುವಾದಾಗಿನಿಂದ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಕಾಲೇಜುಗಳು ಅದರ ಕೆಳಗಿವೆ. ಚನ್ನಗಿರಿ ಕಡೆ ಸೂಳೆಕೆರೆ, ಜಗಳೂರು ಕಡೆ ನಾಲ್ಕು ಕೊಂಬಿನ ಕೊಂಡುಕುರಿಗಳ ರಂಗಯ್ಯನದುರ್ಗ ಕಾಡು, ಚಿತ್ರದುರ್ಗದ ಪಕ್ಕದಲ್ಲೇ ಜೋಗಿಮಟ್ಟಿ ಕಾಡು. ಮರಡಿಹಳ್ಳಿಯಲ್ಲಿ ನೀರೊಳಗೆ ಉಕ್ಕಿ ದಿಂಬಿನಂತೆ ಹೆಪ್ಪುಗಟ್ಟಿದ ಲಾವಾ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷ ಹಳೆಯ ಈ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಶಾಲೆಯ ಎಷ್ಟೋ ಶಿಕ್ಷಕರೇ ಅದನ್ನು ನೋಡಿಲ್ಲ.

ಚಳ್ಳಕೆರೆಯ ಅಮೃತಮಹಲ್ ಕಾವಲನ್ನಂತೂ, ಅಂದರೆ ಅಲ್ಲಿನ ಹುಲ್ಲುಗಾವಲನ್ನು, ಬಿಡಲೇಬಾರದು. ದಾರಿಯಲ್ಲಿ ಹೋಗುವವರಿಗೆ ಅದು ಬರಡು ಬಯಲು. ಕುರಿ ಕಾಯುವವರಿಗೆ ವರ್ಷದ ಬದುಕು. ಅದರಲ್ಲಿ ಸುಮಾರು 10,000 ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಹಸಿರು ನ್ಯಾಯಮಂಡಳಿಯವರೆಗೂ ವಿಷಯ ಹೋಯಿತು. ವಿದ್ಯಾರ್ಥಿಗಳು ಆ ಹುಲ್ಲಿನಲ್ಲಿ ಒಂದು ದಿನ ನಡೆದು, ಕುರಿಗಾಹಿಯ ಮಾತನ್ನೂ ವಿಜ್ಞಾನಿಯ ಮಾತನ್ನೂ ಕೇಳಿ, ಆಮೇಲೆ ಕೂತು ವಾದ ಮಾಡಬೇಕು. ಅಂಥ ಪಾಠ ಯಾವ ಪುಸ್ತಕದಲ್ಲಿ ಸಿಗುತ್ತದೆ?

ಕೆಲಸ ಸಿಗುತ್ತಾ ಎಂದು ಹೆತ್ತವರು ಕೇಳುವುದು ಸಹಜ. ಅರಣ್ಯ ಇಲಾಖೆ ಚಿಣ್ಣರ ವನ ದರ್ಶನದಲ್ಲಿ ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಸರ್ಕಾರದ ಕಾಡಿನ ರೆಸಾರ್ಟ್‌ಗಳಾದ ಜಂಗಲ್ ಲಾಡ್ಜಸ್‌ನಂಥ ಕಡೆ ಕಾಡು ಬಲ್ಲವರು ಬೇಕು. ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ನಮ್ಮ ಶಾಲೆಗಳಿಗೇ.

ಒಮ್ಮೆಲೇ ಮೂರು ವರ್ಷದ ಪದವಿ ಮಾಡಿ ಎಂದು ನಾನು ಕೇಳುತ್ತಿಲ್ಲ. ಕೆಲಸದಲ್ಲಿರುವ ಶಿಕ್ಷಕರಿಗೆ ಒಂದು ವರ್ಷದ ಡಿಪ್ಲೊಮಾ ಸಾಕು, ಭಾನುವಾರ ಮತ್ತು ರಜೆಗಳಲ್ಲಿ. ಶಿಬಿರಕ್ಕೆ ಕೊಂಡಜ್ಜಿಯಲ್ಲಿ ಸ್ಕೌಟ್ಸ್‌ನವರ ಜಾಗ ಇದೆ. ಪಾಠ ಮಾಡಲು ಪ್ರಾಧ್ಯಾಪಕರ ಜೊತೆ ಒಬ್ಬ ಕುರಿಗಾಹಿಯನ್ನೂ, ತೂಬು ತೆಗೆದು ಗೊತ್ತಿರುವ ಒಬ್ಬ ನೀರುಗಂಟಿಯನ್ನೂ ಕರೆಸಿ. ಅವರಿಗೂ ಗೌರವಧನ ಕೊಡಿ.

ನಮ್ಮ ಹುಡುಗಿ ಸದ್ಯಕ್ಕೆ ಬಿ.ಎಸ್ಸಿ.ಗೆ ಅರ್ಜಿ ಹಾಕಿದ್ದಾಳೆ. ಅವಳ ಡಿಗ್ರಿ ಮುಗಿಯುವುದರೊಳಗೆ ವಿಶ್ವವಿದ್ಯಾಲಯ ಇಂಥದ್ದೊಂದು ಕೋರ್ಸ್ ಶುರು ಮಾಡಿದರೆ ಅವಳ ಜೊತೆ ನಾನೂ ಸೇರುತ್ತೇನೆ.

ಇಂತಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ
ಚಿತ್ರದುರ್ಗ